ಚುಕ್ಕೆಗಳ ಲೆಕ್ಕ

ಸಂಘದ ವಾರ್ಷಿಕ ಸಭೆ ಹತ್ತಿರ ಬಂತೆಂದರೆ ಕೋಶಾಧ್ಯಕ್ಷರ ಮುಖ ಗಂಭೀರವಾಗುವುದು ಪ್ರತಿವರ್ಷದ ವಾಡಿಕೆ. ಹೋದ ಬೇಸಿಗೆಯಲ್ಲಿ ಆ ಗಾಂಭೀರ್ಯ ಸಂಪಾದಕರಿಗೂ ತಗಲಿತು. ಕಾಗದದ ಬೆಲೆ, ಅಚ್ಚಿನ ವೆಚ್ಚ, ಅಂಚೆಯ ಖರ್ಚು ಇವನ್ನೆಲ್ಲ ಕೂಡಿಸಿ ನೋಡಿ, ಮುಂದಿನ ವರ್ಷದಿಂದ ಪತ್ರಿಕೆಯ ಎಂಟು ಪುಟ ಕಡಿಮೆ ಮಾಡಬೇಕೆಂಬ ಮಾತು ಸಮಿತಿಯಲ್ಲಿ ಹುಟ್ಟಿತಂತೆ. ಯಾವ ಎಂಟು ಎಂಬುದೇ ಪ್ರಶ್ನೆ. ನಮ್ಮ ಸಂಪಾದಕರು ಸಜ್ಜನರು, ಯಾರ ಮನಸ್ಸನ್ನೂ ನೋಯಿಸಲಾರರು. ಆದುದರಿಂದ ನಮಗೊಂದು ಚೀಟಿ ಬರೆದರು: ‘ತಮ್ಮ ಅಂಕಣಕ್ಕೆ ಹತ್ತು ವರ್ಷ ತುಂಬಿತು. ಅದು ಎಷ್ಟು ಮುಂದುವರಿದಿದೆ ಎಂಬುದನ್ನು ತಾವೇ ಪರಿಶೀಲಿಸಿ, ಒಂದು ವರ್ಷದೊಳಗೆ ತಿಳಿಸಬೇಕು.’

ಅಂಗಡಿಯವನಿಗೆ ಅವನ ತಕ್ಕಡಿಯನ್ನೇ ತೂಗೆಂದು ಹೇಳಿದ ಹಾಗಾಯಿತು ನಮ್ಮ ಪಾಡು. ಆದರೂ ಲೆಕ್ಕ ಕೇಳಿದ ಮೇಲೆ ಕೊಡದಿರುವುದು ಮರ್ಯಾದೆಯಲ್ಲ. ವರ್ಷ ಮುಗಿಯುತ್ತ ಬಂದಿದೆ. ಸಂಪಾದಕರಿಗೆ ಒಪ್ಪಿಸಬೇಕಾದ ಲೆಕ್ಕವನ್ನು ವಾಚಕರ ಎದುರಿಗೇ ಇಡುತ್ತಿದ್ದೇವೆ.

ಮೊದಲು ಕಪಾಟಿನಿಂದ ಹಳೆಯ ಸಂಚಿಕೆಗಳನ್ನು ತೆಗೆದೆವು. ವರ್ಷಕ್ಕೆ ನಾಲ್ಕರಂತೆ 40 ಇರಬೇಕು. 39 ಸಿಕ್ಕವು. ಉಳಿದೊಂದು ಅಡಿಗೆಮನೆಯಲ್ಲಿ ಅಕ್ಕಿಯ ಡಬ್ಬದ ಕೆಳಗೆ ಹಾಸಿತ್ತು. ಅದೂ ಒಂದು ಉಪಯೋಗವೇ ಎಂದು ಬರೆದುಕೊಂಡೆವು. ಒಂದು ಅಂಕಣಕ್ಕೆ ಸುಮಾರು 1,500 ಶಬ್ದ ಹಿಡಿದರೆ ಹತ್ತು ವರ್ಷದಲ್ಲಿ 60,000 ಶಬ್ದ. ಅಂಕಿ ದೊಡ್ಡದಾಗಿಯೇ ಕಂಡಿತು. ಒಂದು ಸಂಜೆ ಅದರ ಸಂತೋಷದಲ್ಲಿಯೇ ಕಳೆಯಿತು.

ಮರುದಿನ ಆಂಥೊನಿ ಟ್ರಾಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರನ ನೆನಪಾಗಿ ಆ ಸಂತೋಷ ಇಳಿದುಹೋಯಿತು. ಆತ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಬರೆಯಲು ಕೂಡುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ಕೊಡುವ ಆಳಿಗೆ ಅದಕ್ಕಾಗಿಯೇ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದದಂತೆ ಬರೆಯುವುದು ಅವನ ಕ್ರಮ. ಬರೆದ ಪುಟಗಳ ಲೆಕ್ಕ ದಿನಚರಿಯಲ್ಲಿ ಏರುತ್ತಿತ್ತು. ದಿನಕ್ಕೆ ಮೂರು ಗಂಟೆ, ಅದರಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದಕ್ಕೆ. ಉಳಿದ ಎರಡೂವರೆ ಗಂಟೆಯಲ್ಲಿ 2,500 ಶಬ್ದ. ನಮ್ಮ ಹತ್ತು ವರ್ಷದ ಕೆಲಸವನ್ನು ಆ ಮಹಾರಾಯ 24 ದಿನಗಳಲ್ಲಿ ಮುಗಿಸಿ ಕಚೇರಿಗೂ ಹೋಗಿಬರುತ್ತಿದ್ದ! ಹೀಗೆ 47 ಕಾದಂಬರಿ ಬರೆದ. ಅವುಗಳಲ್ಲಿ ಹೆಸರಾದ ಒಂದರ ಬಹುಭಾಗವನ್ನು ರೈಲಿನಲ್ಲಿ ಕುಳಿತು ಪೆನ್ಸಿಲಿನಿಂದ ಬರೆದನಂತೆ. ಅವನು ಟಿಟ್ವಾಳಾ ಲೋಕಲಿನಲ್ಲಿ ಪ್ರಯಾಣ ಮಾಡಿದವನಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಮುಂಬಯಿಯಿಂದ 60 ಕಿಲೋಮೀಟರಿಗೂ ಮೇಲಿನ ಈ ದಾರಿಯಲ್ಲಿ ಸಂಜೆಯ ಗಾಡಿಯಲ್ಲಿ ಪೆನ್ಸಿಲು ಹಿಡಿಯುವುದಿರಲಿ, ಕಲ್ಯಾಣ ಬರುವವರೆಗೆ ಎರಡನೆಯ ಕಾಲನ್ನು ಊರುವುದಕ್ಕೂ ಜಾಗವಿರುವುದಿಲ್ಲ.

ಇಷ್ಟೆಲ್ಲ ಲೆಕ್ಕ ಇಟ್ಟುದರಿಂದ ಟ್ರಾಲಪ್‌ಗೆ ಒಳ್ಳೆಯದಾಯಿತೇ? ಅವನು 1882ರಲ್ಲಿ ತೀರಿಕೊಂಡ. ಮರುವರ್ಷ ಆತ್ಮಚರಿತ್ರೆ ಹೊರಬಂತು. ಗಡಿಯಾರ ನೋಡಿ ಕಾದಂಬರಿ ಬರೆಯುತ್ತಿದ್ದನೆಂದು ತಿಳಿದ ಕೂಡಲೆ ವಿಮರ್ಶಕರು ಮೂಗು ಮುರಿದರು. ಅವನ ಕೀರ್ತಿ ಬಹಳ ಕಾಲ ಕುಗ್ಗಿತ್ತು. ಶಬ್ದಗಳ ಎಣಿಕೆ ಬರೆಯುವವನ ಶಿಸ್ತನ್ನು ಹೇಳೀತು, ಬರೆಹದ ಗತಿಯನ್ನು ಹೇಳದು.

ಹಾಗಾದರೆ ಬಾಳಿದ ವರ್ಷಗಳನ್ನು ಎಣಿಸೋಣವೆ? ಹತ್ತು ವರ್ಷ ಕಡಿಮೆಯೇನಲ್ಲ. ಆದರೆ ಕನ್ನಡದ ಮೊದಲ ವೃತ್ತಪತ್ರಿಕೆಯನ್ನೇ ನೋಡಿರಿ. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹುಟ್ಟಿತು. ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಹೋಗಿ ಹೆಸರನ್ನೂ ಬದಲಾಯಿಸಿಕೊಂಡಿತು. ಆ ಹೆಸರಿನಲ್ಲಿ ಒಂದು ವರ್ಷವನ್ನೂ ಕಾಣದ ಪತ್ರಿಕೆ. ಆದರೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಇತ್ತ ರಾಶಿಯವರ ‘ಕೊರವಂಜಿ’ 1942ರಲ್ಲಿ ಆರಂಭವಾಗಿ, 25 ವರ್ಷ ನಾಡನ್ನು ನಗಿಸಿ, 1967ರಲ್ಲಿ ನಿಂತಿತು. ಒಂದು ಅಲ್ಪಾಯು, ಒಂದು ದೀರ್ಘಾಯು. ಎರಡನ್ನೂ ನಾಡು ಮರೆತಿಲ್ಲ. ವರ್ಷಗಳ ಎಣಿಕೆಯೂ ಕೈ ಹಿಡಿಯಲಿಲ್ಲ.

ಮೂರನೆಯದು ಮೆಚ್ಚಿಕೆ. ಇದರ ಲೆಕ್ಕಕ್ಕೆ ನಾವಿರುವ ಊರೇ ಒಂದು ಪಾಠ ಹೇಳುತ್ತದೆ. ಟಿಟ್ವಾಳಾದ ಮಹಾಗಣಪತಿಯನ್ನು ನಮ್ಮವರಲ್ಲಿ ಎಷ್ಟೋ ಮಂದಿ ನೋಡಿದ್ದಾರೆ. ಅಂಗಾರಕ ಚತುರ್ಥಿಯ ದಿನ ಸ್ಟೇಷನ್ನಿನಿಂದ ಗುಡಿಯವರೆಗೆ ಜನವೋ ಜನ. ಕಣ್ವ ಋಷಿಗಳ ಆಶ್ರಮ ಇಲ್ಲಿಯೇ ಇತ್ತೆಂದೂ, ದುಷ್ಯಂತ ಮರೆತುಹೋದಾಗ ಶಕುಂತಳೆ ಈ ಗಣಪತಿಯನ್ನು ಪೂಜಿಸಿದಳೆಂದೂ ಇಲ್ಲಿಯ ಹೇಳಿಕೆ. ಉತ್ತರಾಖಂಡದ ಕೋಟ್‌ದ್ವಾರದವರು ಆಶ್ರಮ ತಮ್ಮ ಕಡೆಯದೆನ್ನುತ್ತಾರೆ. ಆ ವ್ಯಾಜ್ಯ ನಮಗೆ ಬೇಡ. ನಮಗೆ ಬೇಕಾದುದು ಕಾಳಿದಾಸನ ಶಾಕುಂತಲದ ಪ್ರಸ್ತಾವನೆ. ನಾಟಕ ಶುರುವಾಗುವ ಮೊದಲೇ ಅಲ್ಲಿ ಸೂತ್ರಧಾರನಿಗೆ ಅಳುಕು. ಎಷ್ಟು ಕಲಿತಿದ್ದರೂ ಬಲ್ಲವರು ತೃಪ್ತರಾಗದೆ ತನ್ನ ವಿದ್ಯೆಯ ಮೇಲೆ ಅವನಿಗೆ ನಂಬಿಕೆಯಿಲ್ಲ. ಕಾಳಿದಾಸನ ಮನೆಯ ಸೂತ್ರಧಾರನಿಗೇ ಹೀಗಿದ್ದ ಮೇಲೆ ನಮ್ಮಂಥವರ ಮಾತೇನು?

ನಮಗೂ ಮೆಚ್ಚಿಕೆ ಬಂದಿಲ್ಲವೆಂದಲ್ಲ. ರಾಜ್ಯೋತ್ಸವದ ದಿನ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ‘ನಿಮ್ಮದು ಓದಿದೆ, ಬಹಳ ಚೆನ್ನಾಗಿತ್ತು’ ಎಂದವರು ಪ್ರತಿವರ್ಷವೂ ನಾಲ್ಕಾರು ಮಂದಿ. ‘ಯಾವುದು?’ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ಇದನ್ನೂ ಜಮೆಯ ಬದಿಗೆ ಬರೆಯುತ್ತಿದ್ದಾಗ, ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯವರು ತಲೆ ಎತ್ತದೆ ಒಂದು ಮಾತು ಆಡಿದರು:

“ಹತ್ತು ವರ್ಷ ಬರದ್ರಿ. ಮನ್ಯಾಗಿನ ಕೂಸಿಗೆ ಓದ್ಲಿಕ್ಕೆ ಬರೂದಿಲ್ಲ. ಯಾರಿಗಂತ ಬರದ್ರಿ?”

ಕೂಸೆಂದರೆ ನಮ್ಮ ಮೊಮ್ಮಗಳು, ಹತ್ತು ವರ್ಷದವಳು. ನಮ್ಮ ಅಂಕಣದ ಓರಗೆಯವಳು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಮನೆಯಲ್ಲಿ ಧಾರವಾಡದ ಕನ್ನಡ, ಅದೂ ಅರ್ಧ ಮರಾಠಿಯಲ್ಲಿ ಅದ್ದಿ ತೆಗೆದದ್ದು. ಪತ್ರಿಕೆ ಬಂದಾಗಲೆಲ್ಲ ಹೊದಿಕೆಯ ಚಿತ್ರ ನೋಡಿ ನಮ್ಮ ಕೈಗೆ ಕೊಡುತ್ತಿದ್ದಳು. ಅವಳಿಗೆ ಓದಲು ಬಾರದೆಂಬುದು ನಮಗೆ ತಿಳಿಯದ ವಿಷಯವಲ್ಲ. ಆದರೆ ಅದನ್ನು ನಮ್ಮ ಅಂಕಣದ ಲೆಕ್ಕದಲ್ಲಿ ಸೇರಿಸಬೇಕೆಂದು ಮಾತ್ರ ಎಂದೂ ತೋಚಿರಲಿಲ್ಲ. ಅಂದು ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಕಾಸರಾ ಕಡೆಯ ಗಾಡಿಗಳ ಸದ್ದು ಕೇಳುತ್ತ ಮಲಗಿದ್ದೆವು.

ಬೇಸಿಗೆಯ ರಜೆಯಲ್ಲಿ ಅಕ್ಷರಾಭ್ಯಾಸ ಆರಂಭವಾಯಿತು. ಗುರುಗಳು ಅಜ್ಜಿ; ನಾವು ಪೆನ್ಸಿಲು ಚೂಪು ಮಾಡುವವರು. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಲಿಪಿ ಅಷ್ಟೇನೂ ದೂರವಲ್ಲ. ಕ ಖ ಗ ಘ ಎಂಬ ಸಾಲು ಅದೇ, ಕಾಗುಣಿತದ ಕ್ರಮವೂ ಅದೇ. ಆಕಾರ ಮಾತ್ರ ಬೇರೆ. ಮರಾಠಿಯಲ್ಲಿ ಳಕಾರವೂ ಇರುವುದರಿಂದ ಆ ತೊಂದರೆಯೂ ತಪ್ಪಿತು. ಎಡವಿದ್ದು ಹ್ರಸ್ವ ಎಕಾರ, ಒಕಾರಗಳಲ್ಲಿ. ಅವಕ್ಕೆ ಮರಾಠಿಯಲ್ಲಿ ಬೇರೆ ಅಕ್ಷರವಿಲ್ಲ. ‘ಕೊಡು’ ಎಂದು ಬರೆದರೆ ‘ಕೋಡು’ ಎಂದು ಓದುವಳು, ಮನೆಯವರು ನಗುವರು, ಅವಳು ಮುನಿಯುವಳು. ಅಂತೂ ದೀಪಾವಳಿಯ ಸಂಚಿಕೆ ಬರುವ ಹೊತ್ತಿಗೆ ಬೆರಳಿಟ್ಟು ಒಂದೊಂದೇ ಸಾಲನ್ನು ದಾಟುವಷ್ಟಾದಳು.

ಆಗ ಬೆಂಜಮಿನ್ ಫ್ರಾಂಕ್ಲಿನ್ ನಮ್ಮ ನೆರವಿಗೆ ಬಂದ. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಈತ ತನ್ನ ಪ್ರಗತಿಯನ್ನು ಅಳೆಯಲು ಒಂದು ಉಪಾಯ ಹೂಡಿದ್ದ. ಚಿಕ್ಕ ಪುಸ್ತಕವೊಂದರಲ್ಲಿ ಗೆರೆ ಎಳೆದು, ವಾರದ ಏಳು ದಿನಕ್ಕೆ ಏಳು ಮನೆ, 13 ಸದ್ಗುಣಗಳಿಗೆ 13 ಸಾಲು ಮಾಡಿದ. ದಿನದ ಕೊನೆಯಲ್ಲಿ ಯಾವ ಗುಣದಲ್ಲಿ ತಪ್ಪಿದನೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣವನ್ನು ವಿಶೇಷವಾಗಿ ನೋಡಿಕೊಳ್ಳುವುದು. ಹೀಗೆ 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ನಮ್ಮ ಪತ್ರಿಕೆಯೂ 13 ವಾರಕ್ಕೊಮ್ಮೆ ಬರುತ್ತದೆಯಷ್ಟೆ! ಫ್ರಾಂಕ್ಲಿನ್ ಮಾಡಿದ ಒಳ್ಳೆಯದನ್ನು ಎಣಿಸಲಿಲ್ಲ, ತಪ್ಪಿದ್ದನ್ನು ಎಣಿಸಿದ. ತನ್ನಲ್ಲಿ ಇಷ್ಟೊಂದು ದೋಷಗಳಿವೆಯೆಂದು ಅವನಿಗೇ ತಿಳಿದಿರಲಿಲ್ಲವಂತೆ. ಆದರೆ ಅವು ಕಡಿಮೆಯಾಗುವುದನ್ನು ಕಣ್ಣಾರೆ ಕಾಣುವ ಸಂತೋಷವೂ ಅವನಿಗೆ ಸಿಕ್ಕಿತು.

ಮೊಮ್ಮಗಳ ಕೈಗೆ ದೀಪಾವಳಿಯ ಅಂಕಣವನ್ನೂ ಪೆನ್ಸಿಲನ್ನೂ ಕೊಟ್ಟು, “ಅರ್ಥ ತಿಳಿಯದೆ ಎಲ್ಲಿ ನಿಲ್ಲತೀಯೋ ಅಲ್ಲಿ ಒಂದು ಚುಕ್ಕಿ ಇಡವಾ” ಎಂದೆವು. ಓದಿನ ತಪ್ಪಿಗೆ ಚುಕ್ಕೆಯಿಲ್ಲ, ಅದು ಅವಳದು. ಅರ್ಥಕ್ಕೆ ನಿಂತರೆ ಚುಕ್ಕೆ, ಅದು ನಮ್ಮದು. ಮೂರು ಸಂಜೆ ಓದಿದಳು. ಎಣಿಸಿದರೆ 41 ಚುಕ್ಕೆ!

ದೊಡ್ಡ ದೊಡ್ಡ ಸಂಸ್ಕೃತ ಶಬ್ದಗಳೇ ಅವಳನ್ನು ನಿಲ್ಲಿಸಿರಬೇಕೆಂದು ನಾವು ಊಹಿಸಿದ್ದೆವು. ಪಾಂಡಿತ್ಯ ಸ್ವಲ್ಪ ಹೆಚ್ಚಾಯಿತೆಂದು ಒಪ್ಪಿಕೊಂಡರೆ ಅವಮಾನವೂ ಇಲ್ಲ. ಆದರೆ ಕಂಡದ್ದೇ ಬೇರೆ. ‘ಪರಿಸ್ಥಿತಿ’, ‘ಅವಲೋಕನ’, ‘ಸಹನಶೀಲತೆ’ ಇವನ್ನೆಲ್ಲ ಕೂಸು ಸಲೀಸಾಗಿ ದಾಟಿತ್ತು. ಅವು ಮರಾಠಿಯಲ್ಲಿಯೂ ಇವೆ. ಅಂಥವುಗಳಿಗೆ ಬಿದ್ದ ಚುಕ್ಕೆ ಬರಿಯ 5. ವಾಕ್ಯ ಉದ್ದವಾಗಿ, ಕೊನೆ ಮುಟ್ಟುವಾಗ ಮೊದಲು ಮರೆತುಹೋದಲ್ಲಿ 8. ಉಳಿದ 28 ಚುಕ್ಕೆಗಳು ಬಿದ್ದದ್ದು ‘ಹಿತ್ತಲು’, ‘ಬೆಳಕಿಂಡಿ’, ‘ನೆಲುವು’, ‘ಬೀಸುಕಲ್ಲು’, ‘ಹಗೇವು’ ಇಂಥವುಗಳ ತಲೆಯ ಮೇಲೆ! ಯಾವುವನ್ನು ನಾವು ಕನ್ನಡದ ಅತ್ಯಂತ ಸುಲಭ ಶಬ್ದಗಳೆಂದು ತಿಳಿದಿದ್ದೆವೋ ಅವು.

“ಅಜ್ಜಾ, ಹಗೇವು ಅಂದ್ರೇನು?”

ಜೋಳ ತುಂಬಿಡಲು ನೆಲದಲ್ಲಿ ತೋಡುವ ಕುಣಿ ಎಂದು ಹೇಳಿದೆವು. ಅವಳು ನೆಲ ನೋಡಿದಳು. ನಮ್ಮದು ಮೂರನೆಯ ಮಾಳಿಗೆಯ ಮನೆ. ಕೆಳಗೆ ಮತ್ತೊಬ್ಬರ ಸೂರು. ಈ ಎರಡು ಕೋಣೆಯ ಮನೆಯಲ್ಲಿ ಹಿತ್ತಲೆಲ್ಲಿ, ಬೆಳಕಿಂಡಿಯೆಲ್ಲಿ, ನೆಲುವು ತೂಗಹಾಕುವ ತೊಲೆಯೆಲ್ಲಿ? ಊರು ಬಿಟ್ಟು ಬರುವಾಗ ಶಬ್ದಗಳನ್ನು ಬಾಯಲ್ಲಿ ತಂದೆವು. ವಸ್ತುಗಳನ್ನು ಅಲ್ಲಿಯೇ ಬಿಟ್ಟೆವು. ನಮಗೆ ಶಬ್ದ ಕೇಳಿದರೆ ಸಾಕು, ವಸ್ತು ಕಣ್ಣಿಗೆ ಬರುತ್ತದೆ. ಆ ಮಗುವಿಗೆ ಶಬ್ದವೊಂದೇ ಉಳಿದಿದೆ, ತೆಂಗಿನಕಾಯಿ ಇಲ್ಲದ ಬರಿಯ ಕರಟದ ಹಾಗೆ. ಹತ್ತು ವರ್ಷ ನಾವು ‘ಹಿತ್ತಲು’ ಎಂದು ಬರೆದು, ಎಲ್ಲರೂ ಕಂಡರೆಂದು ತಿಳಿದು, ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದೆವು.

ಹಾಗೆಂದು ಆ ಶಬ್ದಗಳನ್ನು ಬಿಟ್ಟುಬಿಡುವುದೇ? ಬಿಟ್ಟರೆ ಚುಕ್ಕೆ ಕಡಿಮೆಯಾದೀತು. ಮಗುವಿಗೆ ಸಿಗುವುದೂ ಕಡಿಮೆಯಾದೀತು. ನಮಗೆ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ನೆನಪಾದರು. ನಿಘಂಟು ಮಾಡಿದ ಆ ಹಿರಿಯರು 1991ರಿಂದ ಎಷ್ಟೋ ವರ್ಷ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣ ನಡೆಸಿದರು. ಓದುಗರು ಯಾವ ಶಬ್ದದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದರೋ ಅದೇ ಆ ಅಂಕಣದ ಬಂಡವಾಳ. ಓದುಗ ನಿಂತಲ್ಲಿ ಬರೆಯುವವನೂ ನಿಂತು ಉತ್ತರ ಕೊಟ್ಟರೆ ಶಬ್ದ ಉಳಿಯುತ್ತದೆ. ಅವರಷ್ಟು ವಿದ್ವತ್ತು ನಮಗಿಲ್ಲ. ನಿಲ್ಲುವಷ್ಟು ತಾಳ್ಮೆಯನ್ನಾದರೂ ತಂದುಕೊಳ್ಳಬಹುದಷ್ಟೆ.

ಸಂಕ್ರಾಂತಿಯ ಅಂಕಣವನ್ನು ಹಾಗೆಯೇ ಬರೆದೆವು. ‘ಬೀಸುಕಲ್ಲು’ ಎಂದು ಬರೆದು ಓಡದೆ, ನಸುಕಿನಲ್ಲಿ ಅದರ ಗೂಟ ಹಿಡಿದು ತಿರುಗಿಸುತ್ತಿದ್ದ ನಮ್ಮ ಅವ್ವನ ಕೈಯನ್ನೂ, ಕಲ್ಲಿನ ಸಂದಿನಿಂದ ಸುತ್ತಲೂ ಉದುರುತ್ತಿದ್ದ ಬೆಚ್ಚಗಿನ ಹಿಟ್ಟನ್ನೂ ಎರಡು ಸಾಲಿನಲ್ಲಿ ಹೇಳಿದೆವು. ವಾಕ್ಯಗಳನ್ನು ತುಂಡು ಮಾಡಿದೆವು. ಪುನಃ ಪೆನ್ಸಿಲು ಕೊಟ್ಟೆವು. ಈ ಸಲ 26 ಚುಕ್ಕೆ. 41ರಿಂದ 26! ಸಂಪಾದಕರಿಗೆ ಆಗಲೇ ಫೋನು ಮಾಡುವವರಿದ್ದೆವು.

ಮನೆಯವರು ತಡೆದರು. “ಮೂರು ತಿಂಗಳು ಓದಿ ಓದಿ ಅಕಿ ಶಾಣ್ಯಾ ಆಗ್ಯಾಳ. ಅದು ಅಕಿ ಪ್ರಗತಿಯೋ, ನಿಮ್ಮದೋ?”

ಅಳೆಯುವ ಕೋಲೇ ಬೆಳೆಯುತ್ತಿದ್ದರೆ ಅಳತೆಗೆ ಅರ್ಥವೇನು? ಪ್ರಶ್ನೆ ನ್ಯಾಯವಾಗಿತ್ತು. ಆದುದರಿಂದ ಅವಳು ಹಿಂದೆ ಓದಿರದ, ನಾಲ್ಕು ವರ್ಷದ ಹಿಂದಿನ, ಅಷ್ಟೇ ಉದ್ದದ ಒಂದು ಅಂಕಣವನ್ನು ಅದೇ ವಾರ ಓದಿಸಿದೆವು. 35 ಚುಕ್ಕೆ ಬಿತ್ತು. ಹಳೆಯ ರೀತಿಯ ಬರೆಹಕ್ಕೆ 41ರಿಂದ 35ಕ್ಕೆ ಇಳಿದ 6 ಚುಕ್ಕೆ ಮಗುವಿನ ಗಳಿಕೆ. 35ರಿಂದ 26ಕ್ಕೆ ಇಳಿದ 9 ನಮ್ಮ ಗಳಿಕೆ. ಒಂದು ಕೂಸಿನ ಮೂರು ಓದಿನಿಂದ ತೆಗೆದ ಲೆಕ್ಕ ಇದು. ಶಾಸ್ತ್ರವೆಂದು ಯಾರೂ ಹಿಡಿಯಬಾರದು. ಆದರೂ ಹತ್ತು ವರ್ಷದಲ್ಲಿ ನಮ್ಮ ಕೈಗೆ ಸಿಕ್ಕ ಮೊದಲ ನಿಜವಾದ ಅಂಕಿ ಆ 9.

ಅಷ್ಟರಲ್ಲಿ ಚುಕ್ಕೆ ಇಲ್ಲದ ಜಾಗವನ್ನೂ ನಂಬುವಂತಿಲ್ಲವೆಂದು ತಿಳಿಯಿತು. ಸಂಕ್ರಾಂತಿಯ ಅಂಕಣದಲ್ಲಿ ಒಂದು ಕಡೆ ‘ರೈಲಿನ ಅವಘಡ’ ಎಂದು ಬರೆದಿದ್ದೆವು. ಅಲ್ಲಿ ಚುಕ್ಕೆಯಿರಲಿಲ್ಲ. ಸುಮ್ಮನೆ ಕೇಳಿದೆವು: “ಅವಘಡ ಅಂದ್ರೇನವಾ?” ಅವಳು ಥಟ್ಟನೆ, “ಕಠೀಣ! ಗಣಿತದ ಪೇಪರು ಭಾಳ ಅವಘಡ ಇತ್ತು ಅಂತಾರಲ್ಲ!” ಎಂದಳು. ಮರಾಠಿಯಲ್ಲಿ ಆ ಶಬ್ದಕ್ಕೆ ಕಷ್ಟವಾದದ್ದು ಎಂದೇ ಅರ್ಥ. ಅಪಘಾತದ ಸುದ್ದಿಯನ್ನು ಕೂಸು ‘ರೈಲಿನ ಪ್ರಯಾಣ ಕಷ್ಟ’ ಎಂದು ತಿಳಿದು ಮುಂದೆ ಹೋಗಿತ್ತು. ಟಿಟ್ವಾಳಾದಲ್ಲಿ ಬೆಳೆದ ಮಗುವಿಗೆ ಅದು ಸಹಜವಾಗಿಯೇ ಕಂಡಿರಬೇಕು! ಅಂದಿನಿಂದ ನಿಯಮಕ್ಕೆ ಒಂದು ಮಾತು ಸೇರಿಸಿದೆವು: ಓದಿದ ಮೇಲೆ ಪುಟ ಮುಚ್ಚಿ, ಓದಿದ್ದನ್ನು ಅವಳ ಮಾತಿನಲ್ಲಿ ಹೇಳಬೇಕು.

ಮಕ್ಕಳೊಬ್ಬರೇ ನಮ್ಮ ವಾಚಕರಲ್ಲವಾದುದರಿಂದ ಇನ್ನೊಂದು ಪ್ರತಿಯನ್ನು ಕಲ್ಯಾಣದಲ್ಲಿ ಹೋಟೆಲು ನಡೆಸುವ ಉಡುಪಿಯ ಕಡೆಯ ಮಿತ್ರರಿಗೆ ಕೊಟ್ಟೆವು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿ ಬಂದವರು. ಗಲ್ಲೆಯ ಮೇಲೆ ಕುಳಿತೇ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುವವರು. ವಾರದ ಮೇಲೆ ಹೋದಾಗ ಹೇಳಿದರು: “ಕಷ್ಟದ ಶಬ್ದ ಒಂದೂ ಇಲ್ಲ ಮಾರಾಯ್ರೆ. ಆದರೆ ಈ ಎರಡನೆಯ ಪುಟದಲ್ಲಿ ನನಗೆ ನಿದ್ರೆ ಬಂತು. ಅದಕ್ಕೂ ಚುಕ್ಕೆ ಇಡ್ಲಿಕ್ಕುಂಟಾ?” ತಿರುವಿ ನೋಡಿದೆವು. ಅದು ನಮಗೆ ಒಂದು ಸಮಾರಂಭದಲ್ಲಿ ಹೊದೆಸಿದ ಶಾಲಿನ ವರ್ಣನೆ ಇದ್ದ ಜಾಗ. ಆ ಚುಕ್ಕೆಯನ್ನು ನಾವೇ ಇಟ್ಟೆವು, ಸ್ವಲ್ಪ ದಪ್ಪವಾಗಿಯೇ.

ಸೂತ್ರಧಾರ ಬಲ್ಲವರ ಕಡೆ ನೋಡಿದ. ನಮ್ಮ ಸಭೆಯಲ್ಲಿ ಬಲ್ಲವರು ಯಾರೆಂಬುದು ಈ ವರ್ಷ ನಮಗೆ ತಿಳಿಯಿತು: ಗಲ್ಲೆಯ ಮೇಲೆ ನಿದ್ರೆ ಬಂದುದನ್ನು ಮುಚ್ಚಿಡದವರು, ಬೆರಳಿಟ್ಟು ಓದುತ್ತ ‘ಅಂದ್ರೇನು?’ ಎಂದು ಕೇಳುವವರು.

ಸಂಪಾದಕರಿಗೆ ಲೆಕ್ಕ ಹೀಗಿದೆ. ಸಂಚಿಕೆ 40, ಶಬ್ದ 60,000, ಉಪ್ಪಿಟ್ಟಿನ ಜೊತೆಯ ಮೆಚ್ಚಿಕೆ ಎಣಿಸಿಲ್ಲ. ಈ ವರ್ಷ ಕಡಿಮೆಯಾದ ಚುಕ್ಕೆ 9. ಇನ್ನೂ ಉಳಿದದ್ದು 26, ಹೋಟೆಲಿನದು ಬೇರೆ. ಪುಟ ಕಡಿಮೆ ಮಾಡಲೇಬೇಕಾದರೆ ನಮ್ಮ ನಾಲ್ಕರಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ಶಾಲಿನಂಥ ವಿಷಯಗಳನ್ನು ಬಿಟ್ಟರೆ ಮೂರರಲ್ಲಿ ನಡೆದೀತು. ಆದರೆ ಆ ಪುಟವನ್ನು ಪೂರ್ತಿ ಉಳಿಸಬೇಡಿರಿ. ಅದರ ಅರ್ಧದಲ್ಲಿ, ಈಗ ತಾನೆ ಅಕ್ಷರ ಕಲಿತ ಮಕ್ಕಳಿಗೆಂದು ದಪ್ಪ ಅಕ್ಷರದಲ್ಲಿ ಹತ್ತು ಸಾಲು ಹಾಕಿರಿ. ಅದನ್ನು ಬರೆಯುವ ಕೆಲಸ ಅಂಕಣ ಬರೆಯುವುದಕ್ಕಿಂತ ಕಷ್ಟ; ಮಾಡಲು ನಾವು ಸಿದ್ಧರಿದ್ದೇವೆ.

ವಾಚಕರಿಗೂ ಒಂದು ವಿನಂತಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಅಕ್ಷರ ಕಲಿಯುತ್ತಿರುವ ಮಗು ಯಾರ ಮನೆಯಲ್ಲಿದೆಯೋ ಅವರು ಈ ಪುಟಗಳನ್ನು ಅದರ ಕೈಗೆ ಕೊಟ್ಟು, ಚುಕ್ಕೆ ಇಡಿಸಿ, ಸಂಘದ ವಿಳಾಸಕ್ಕೆ ಕಳಿಸಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದರೂ ಆದೀತು. ಮಗುವಿಲ್ಲದ ಮನೆಯವರು ನಿದ್ರೆ ಬಂದ ಜಾಗವನ್ನು ಗುರುತು ಮಾಡಿದರೆ ಅದನ್ನೂ ಸಂತೋಷದಿಂದ ಸ್ವೀಕರಿಸುತ್ತೇವೆ. ಒಂದು ಎಚ್ಚರಿಕೆ: ಫ್ರಾಂಕ್ಲಿನ್ ಚುಕ್ಕೆಗಳನ್ನು ಕೆರೆದು ಕೆರೆದು ಅವನ ಪುಸ್ತಕವೆಲ್ಲ ತೂತು ಬಿದ್ದು, ಕೊನೆಗೆ ಒರಸಿದರೆ ಅಳಿಯುವಂಥ ದಂತದ ಹಾಳೆಗಳನ್ನು ಬಳಸಬೇಕಾಯಿತಂತೆ. ನಮ್ಮ ಪತ್ರಿಕೆಯ ಕಾಗದ ಈ ವರ್ಷ ಇನ್ನೂ ತೆಳ್ಳಗಾಗಿದೆ. ಪೆನ್ಸಿಲನ್ನು ಮೆಲ್ಲಗೆ ಒತ್ತಿರಿ.